ಗಿರಣಿ ಶರಣಬಸಪ್ಪನ ತರಬೇತಿ

ಶರಣಬಸಪ್ಪನ ಹೊಟ್ಟೆಯಲ್ಲಿ ಇವತ್ತಿಗೂ ಒಂದು ಸಿಟ್ಟು ಇಳಿಯದೆ ಕುಂತಿದೆ. ಸರಕಾರ ಮಾಸ್ತರ ಮಂದಿಗೆಲ್ಲ ಸೂಟಿ ಅಂತ ರಜೆ ಹಂಚುವಾಗ ಹಿಟ್ಟಿನ ಗಿರಣಿಯವರನ್ನು ಮರೆತೇಬಿಟ್ಟಿತು ಅನ್ನುವುದು ಆ ಸಿಟ್ಟು. ದಸರಾ ಬಂತು, ಸಾಲಿ ಸೂಟಿ. ಬೇಸಿಗೆ ಬಂತು, ಸೂಟಿ. ಮಳೆ ಜೋರು ಬಂತು, ಅದಕ್ಕೂ ಸೂಟಿ. ಜೋಳ ಮಾತ್ರ ಯಾವತ್ತೂ "ಇವತ್ತು ನನಗ ಸೂಟಿ ಐತಿ, ನಾಳಿಗೆ ಬೀಸ್ರಿ" ಅಂದದ್ದಿಲ್ಲ.

ಈ ಸಿಟ್ಟನ್ನು ಅವನು ಅಳವಂಡಿಯ ತನ್ನ ಗಿರಣಿಯಲ್ಲಿ, ಬೆಲ್ಟಿನ ಸಪ್ಪಳಕ್ಕಿಂತ ಒಂದು ಗೇಣು ಮೇಲಿನ ದನಿಯಲ್ಲಿ, ಬಂದವರಿಗೆಲ್ಲ ಹಂಚುತ್ತಿದ್ದ. ಬೀಸಿದ್ದಕ್ಕೆ ರೊಕ್ಕ, ಬೈದದ್ದು ಧರ್ಮಕ್ಕೆ. ಕೇಳುವವರಿಗೂ ಖುಷಿ. ಯಾಕಂದರೆ ಹೀಗೆ ಬೈಯುವ ಮನುಷ್ಯನ ಹೆಂಡತಿ ರೇಣುಕಾದೇವಿಯೇ ಪಕ್ಕದ ಹಳ್ಳಿಯ ಸರಕಾರಿ ಸಾಲಿಯಲ್ಲಿ ಟೀಚರು. (ನಾಕನೇ ಕ್ಲಾಸಿಗೇ ಸಾಲಿಗೆ ಕೈಮುಗಿದು ಬಂದವನಿಗೆ ಟೀಚರು ಹೆಂಗ ಸಿಕ್ಕಳು ಅಂತ ಕೇಳಬ್ಯಾಡ್ರಿ. ಸೋದರಮಾವನ ಮಗಳು. ಲಗ್ನವಾದ ಮೇಲೆ ಓದಿ ನೌಕರಿ ಹಿಡಿದಳು. ಅವಳನ್ನು ಓದಿಸಿದವನು ತಾನೇ ಎಂದು ಅವನು ದಿನಾ ಹೇಳುತ್ತಾನೆ. ಅದೊಂದು ಮಾತು ಮಾತ್ರ ಪೂರಾ ಖರೆ.)

ಒಂದು ಸಂಜೆ ರೇಣುಕಾದೇವಿ ರೊಟ್ಟಿ ಬಡಿಯುತ್ತ ಅಂದಳು, "ನಾಳೆ ಕೊಪ್ಪಳದಾಗ ತರಬೇತಿ ಐತ್ರಿ. ಮುಂಜಾನಿ ಮೊದಲನೇ ಬಸ್ಸಿಗೆ ಹೋಗಬೇಕು."

"ಹೋಗು, ಹೋಗು. ಅದೂ ಒಂದು ನಮೂನಿ ಸೂಟೀನ. ಫ್ಯಾನಿನ ಕೆಳಗ ಕುಂತು ಉಪ್ಪಿಟ್ಟು ತಿಂದು ಬರೂದಕ್ಕ ತರಬೇತಿ ಅಂತ ಹೆಸರಿಟ್ಟಾರ, ಅಷ್ಟ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. (ಆ ಸಪ್ಪಳ ನಡುವೆಯೇ ನಿಂತರೆ ಮುಂದೆ ಬರುವುದು ರೊಟ್ಟಿಯಲ್ಲ.)

"ಹಂಗಾರ ನೀವು ಒಂದಿನ ಅಲ್ಲಿ ಬಂದು ಕುಂತು ತೋರಸ್ರಿ. ಸಂಜಿ ಗಂಟಿ ಹೊಡಿಯೂತನ ಕುಂತ್ರಿ ಅಂದ್ರ ನಿಮ್ಮ ಮಾತು ಖರೆ. ಇನ್ನ ಮುಂದ ನೀವು ಎಷ್ಟು ಬೈದ್ರೂ ನಾ ಬಾಯಿ ಬಿಡಂಗಿಲ್ಲ."

"ನಡುವ ಎದ್ದು ಬಂದ್ರ?"

"ನನಗ ಒಂದಿನ ಸೂಟಿ ಕೊಡಬೇಕು. ಸಾಲಿ ಸೂಟಿ ಅಲ್ಲ, ಮನಿ ಸೂಟಿ. ಒಲಿ, ಕಸ, ಮುಸುರಿ ಎಲ್ಲಾ ನಿಮ್ದು. ನಾ ಕಟ್ಟಿ ಮ್ಯಾಲೆ ಕುಂತು ಬರೇ ಚಾ ಕುಡಿಯಾಕಿ."

"ಒಂದಿನ ಯಾಕ, ಒಂದು ವಾರ ತಗೋ!" ಅಂದ ಶರಣಬಸಪ್ಪ. ಕೊಡುವ ಪ್ರಸಂಗ ಬರುವುದಿಲ್ಲ ಅಂತ ಗೊತ್ತಿದ್ದಾಗ ಅವನ ಕೈ ಬಹಳ ದೊಡ್ಡದು.

ಮರುದಿನ ಗಿರಣಿ ಶುರುವಾಗಿ ಅರ್ಧ ತಾಸೂ ಆಗಿರಲಿಲ್ಲ, ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಹೆಂಡತಿಯ ಫೋನು ಅರಚತೊಡಗಿತು. ಗಿರಣಿಗೂ ಮನೆಗೂ ಒಂದೇ ಗೋಡೆ. ಹೋಗಿ ಎತ್ತಿದರೆ ಅವಳ ಜೊತೆಯ ಟೀಚರು ನಾಹೀದಾ.

"ಅಣ್ಣಾರ, ರೇಣುಕಕ್ಕ ಫೋನು ಮರತು ಬಂದಾಳ್ರಿ. ಇಲ್ಲಿ ಫೋನಿನಾಗ ಫೋಟೋ ಹೊಡದ್ರನ ಹಾಜರಿ ಅಂತ. ಮನಷ್ಯಾ ಕಣ್ಣ ಮುಂದ ಕುಂತ್ರೂ ಫೋನಿಲ್ಲಂದ್ರ ಗೈರಂತ್ರಿ!"

ಬೈದುಕೊಳ್ಳುತ್ತಲೇ ಗಿರಣಿ ಬಂದ್ ಮಾಡಿದ. ಅಂಗಿ ಬದಲಿಸಿದ, ತಲೆ ಕೊಡವಲು ಮರೆತ. ಗಾಡಿ ಹತ್ತಿ ತರಬೇತಿ ನಡೆದಿದ್ದ ಕೊಪ್ಪಳದ ಸಾಲಿಯ ಗೇಟಿಗೆ ಬಂದು ಇಳಿದಾಗ ಇಸ್ತ್ರಿ ಹೊಡೆದ ಬಿಳಿ ಅಂಗಿ, ಜೋಳದ ಹಿಟ್ಟಿಗೆ ನೆರೆತ ತಲೆ, ನೆರೆತ ಹುಬ್ಬು, ನೆರೆತ ಮೀಸೆ. ಸೇವೆಯ ಕೊನೆಯ ವರ್ಷದಲ್ಲಿರುವ ಹೆಡ್ ಮಾಸ್ತರು ಅಂದರೆ ಹೀಗೇ ಇರಬೇಕು ಅನ್ನುವ ಹಾಗೆ ನಿಂತ.

ತರಬೇತಿ ಕೊಡುವ ಗೋವಿಂದರಾಜ ಮಾಸ್ತರು ಬಾಗಿಲಲ್ಲೇ ಇದ್ದರು. ಮಂದಿ ಕಡಿಮೆ ಬಿದ್ದು ಕಂಗಾಲಾಗಿದ್ದ ಅವರು ಈ ಹಿರಿಯರನ್ನು ಕಂಡು ಎರಡೂ ಕೈ ಹಿಡಿದುಕೊಂಡರು.

"ಬರ್ರಿ ಸರ್, ಬರ್ರಿ! ತಡ ಆತಂತ ಹೊರಗ ನಿಂತೀರೇನ್ರಿ? ನಿಮ್ಮಂಥ ಅನುಭವಿಗಳು ಬೇಕು ನಮಗ!"

ಶರಣಬಸಪ್ಪನನ್ನು ಜನ್ಮದಲ್ಲಿ ಯಾರೂ "ಸರ್" ಅಂದಿರಲಿಲ್ಲ. "ಅಲ್ರಿ, ನಾನು ಬರೇ ಫೋನು..." ಅನ್ನುವಷ್ಟರಲ್ಲಿ ಪಣದ ಮಾತು ನೆನಪಾಯಿತು. ಬಂದದ್ದು ಬಂದೆ, ಸಂಜಿತನ ಕುಂತು ಗೆದ್ದೇ ಹೋದರಾಯಿತು ಅಂತ ಒಳಗೆ ನಡೆದ. ರೇಣುಕಾದೇವಿ ಮುಂದಿನ ಸಾಲಿನಲ್ಲಿದ್ದಳು. ಗಂಡನನ್ನು ನೋಡಿದಳು, ಗಂಡನ ತಲೆ ನೋಡಿದಳು, ಫೋನು ಇಸಕೊಂಡಳು, ಸೆರಗನ್ನು ಬಾಯಿಗೆ ಹಿಡಿದು ತಿರುಗಿ ಕುಂತಳು.

ಕುಂದ್ರಲು ಸಿಕ್ಕಿದ್ದು ಒಂದನೇ ಕ್ಲಾಸಿನ ಮಕ್ಕಳ ಬೆಂಚು. ಮೊಳಕಾಲು ಗದ್ದಕ್ಕೆ ತಾಗಿದವು. ಮೇಲೆ ಫ್ಯಾನ್ ಇತ್ತು, ಖರೆ, ಮೂರು ರೆಕ್ಕೆಯೂ ಇದ್ದವು. ಕರೆಂಟ್ ಇರಲಿಲ್ಲ.

"ಮಕ್ಕಳಿಗೆ ಕಲಿಸಬೇಕಂದ್ರ ಮೊದಲು ನಾವು ಮಕ್ಕಳಾಗಬೇಕು," ಅಂದರು ಗೋವಿಂದರಾಜ ಮಾಸ್ತರು. "ಎಲ್ಲಾರೂ ಏಳ್ರಿ. ಈಗ ನಾವೆಲ್ಲಾ ಕಪ್ಪಿ!"

ಐವತ್ತರ ಹತ್ತಿರದ ಗಂಡಸರು, ಮೊಮ್ಮಕ್ಕಳಿದ್ದ ಟೀಚರುಗಳು, ಸೊಂಟ ಹಿಡಿದವರು, ಸಕ್ಕರೆ ಕಾಯಿಲೆಯವರು ಎಲ್ಲರೂ "ವಟರ್ ವಟರ್" ಅನ್ನುತ್ತ ಕೋಣೆ ತುಂಬ ಜಿಗಿದರು. ಶರಣಬಸಪ್ಪನೂ ಜಿಗಿದ. ಒಂದೊಂದು ಜಿಗಿತಕ್ಕೂ ತಲೆಯಿಂದ ಒಂದೊಂದು ಹಿಡಿ ಹಿಟ್ಟು ಉದುರಿ, ಹಿಂದೆ ಜಿಗಿಯುತ್ತಿದ್ದ ನಾಹೀದಾ ಸೀನತೊಡಗಿದಳು. ಅದಾದ ಮೇಲೆ ಹಾಳೆ ಕತ್ತರಿಸು, ಅಂಟು ಹಚ್ಚು, ಗುಂಪು ಮಾಡು, ಗುಂಪು ಒಡಿ. ಬರೆಯುವ ಕೆಲಸ ಬಂದಾಗಲೆಲ್ಲ ಅವನು ಚಸ್ಮಾ ಮರೆತವನಂತೆ ಕಿಸೆ ತಡವಿಕೊಂಡ. ಉಪ್ಪಿಟ್ಟು ಬಂತು, ಆದರೆ ಅವನ ಸಾಲಿಗೆ ಬರುವಷ್ಟರಲ್ಲಿ ಪಾತ್ರೆಯ ತಳಕ್ಕೆ ಸೌಟು ಬಡಿಯುವ ಸಪ್ಪಳವೊಂದೇ ಉಳಿದಿತ್ತು.

ಊಟದ ಹೊತ್ತು ದಾಟಿದ ಮೇಲೆ ಗೋವಿಂದರಾಜ ಮಾಸ್ತರು ಒಂದು ನಾಟಕ ಹೂಡಿದರು. "ಊರಿನ ಮಂದಿ ನಮ್ಮ ಸೂಟಿ ಬಗ್ಗೆ ಏನೇನೋ ಆಡ್ತಾರ. ಅವರಿಗೆ ಸಮಾಧಾನದಿಂದ ತಿಳಿಸಿ ಹೇಳೂದು ಹೆಂಗ, ಅಭಿನಯ ಮಾಡಿ ತೋರಸೋಣ. ಹೆಡ್ ಮಾಸ್ತರ, ನೀವು ಊರಿನ ಒಬ್ಬ ಒರಟು ಮನಷ್ಯಾ ಆಗ್ರಿ. ನಿಮ್ಮಂಥ ಸಭ್ಯಸ್ಥರಿಗೆ ಕಷ್ಟ ಆಗಬಹುದು, ಆದ್ರೂ ಪ್ರಯತ್ನ ಮಾಡ್ರಿ. ರೇಣುಕಾ ಮೇಡಂ, ನೀವು ಟೀಚರು."

ಶರಣಬಸಪ್ಪನಿಗೆ ಮುಂಜಾನೆಯಿಂದ ಇದ್ದ ನಿತ್ರಾಣವೆಲ್ಲ ಹಾರಿಹೋಯಿತು. ಎದ್ದು ನಿಂತು ಶುರುಮಾಡಿದ ನೋಡಿ! ದಸರಾ ಸೂಟಿ, ಬೇಸಿಗೆ ಸೂಟಿ, ಮಳೆ ಸೂಟಿ, ಪಗಾರ, ಫ್ಯಾನು, ಉಪ್ಪಿಟ್ಟು. ಗಿರಣಿಯಲ್ಲಿ ವರ್ಷಾನುಗಟ್ಟಲೆ ಮಸೆದ ಮಾತು, ಒಂದೂ ತಪ್ಪಲಿಲ್ಲ. ಕೋಣೆಯೆಲ್ಲ ಚಪ್ಪಾಳೆ. "ಥೇಟ್ ನಮ್ಮೂರಿನ ಮಂದೀನ!" ಅಂದರು ಒಬ್ಬರು.

ರೇಣುಕಾದೇವಿ ಸೆರಗು ಸಿಗಿಸಿಕೊಂಡಳು. "ಯಜಮಾನ್ರ, ದಸರಾ ಸೂಟ್ಯಾಗ ಮನಿಮನಿ ಬಾಗಿಲ ಬಡದು ಮಂದಿ ಲೆಕ್ಕ ಬರಕೊಂಡಾಕಿ ಯಾರು?"

"ಅದು... ನೀನ."

"ಓಟಿನ ಯಾದಿ ಹಿಡಕೊಂಡು ಬಿಸಲಾಗ ತಿರಗಿದಾಕಿ?"

"ನೀನ. ಆದ್ರ ನಮ್ಮ ಗಿರಣಿಗೆ..."

"ನಿಮ್ಮ ಗಿರಣಿಗೆ ಅಮಾಸಿ ಸೂಟಿ ಐತಿ. ಮಿಷನ್ನಿಗೆ ಊದಿನಕಡ್ಡಿ ಬೆಳಗಿ, ಹೋಳಿಗಿ ಉಂಡು ಹೊತ್ತು ಮುಳುಗೂತನ ಗೊರಕಿ ಹೊಡಿತೀರಿ. ಆ ಹೋಳಿಗಿ ಮಾಡೂ ಒಲಿಗೆ ಯಾವ ಅಮಾಸಿಗೆ ಸೂಟಿ ಕೊಟ್ಟೀರಿ, ಹೇಳ್ರಿ?"

"ಒಲಿಗೆ ಯಾಕಬೇ ಸೂಟಿ?" ಅಂದುಬಿಟ್ಟ ಶರಣಬಸಪ್ಪ.

ಟೀಚರುಗಳ ಸಾಲು ಹೋ ಅಂತ ಬೆಂಚು ಬಡಿಯಿತು. ಅವನ ನೆತ್ತಿಗೇರಿದ ಸಿಟ್ಟಿಗೆ ಉಳಿದ ಹಿಟ್ಟೂ ಕೆಂಪಾಗುವಂತಿತ್ತು. "ಏ ರೇಣುಕಾ! ಮನಿಗೆ ನಡಿ ನೀನು, ಹೇಳ್ತೀನಿ!" ಅಂತ ಗುಡುಗಿದ.

"ವ್ಹಾ! ವ್ಹಾ!" ಗೋವಿಂದರಾಜ ಮಾಸ್ತರು ಕಣ್ಣೊರೆಸಿಕೊಂಡರು. "ಏನ್ ಸಹಜ ಅಭಿನಯ! ಇದನ್ನ ಪೂರಾ ಇನ್ನೊಮ್ಮೆ ಮಾಡ್ರಿ ಸರ್, ವಿಡಿಯೋ ಮಾಡಕೊಳ್ತೀವಿ. ಅದಕ್ಕೂ ಮೊದಲು ಮೈ ಹಗುರಾಗಲಿ, ಎಲ್ಲಾರೂ ಏಳ್ರಿ. ಕಪ್ಪಿ!"

ಕಪ್ಪೆ ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಶರಣಬಸಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನತ್ತ ಓಡಿದ. ಹಿಂದಿನಿಂದ ಕಿಟಕಿಯಲ್ಲಿ ಹೆಂಡತಿಯ ದನಿ, "ರೀ, ಸಂಜಿ ಗಂಟಿ ಇನ್ನೂ ಹೊಡದಿಲ್ರೀ!"

ಮರುದಿನ ಗಿರಣಿಗೆ ಮೊದಲು ಬಂದವಳು ಹಂಪವ್ವ. ವಯಸ್ಸಾದರೂ ಅವಳ ಬಾಯಿಗೆ ಸೂಟಿಯಿಲ್ಲ. ಜೋಳದ ಬುಟ್ಟಿ ಇಳಿಸುತ್ತ ಕೇಳಿದಳು, "ಯಾಕೋ ತಮ್ಮಾ, ನಿನ್ನೆ ಗಿರಣಿ ಬಂದ್ ಇತ್ತು?"

"ತರಬೇತಿ ಇತ್ತವ್ವ," ಅಂತ ಬಾಯಿಂದ ಜಾರಿತು.

"ಹಾಂ, ಫ್ಯಾನಿನ ಕೆಳಗ ಕುಂತು ಉಪ್ಪಿಟ್ಟು ತಿಂದು ಬಂದೆ ಅನ್ನು."

"ಏನ್ ಫ್ಯಾನಬೇ!" ಬೆಲ್ಟಿನ ಸಪ್ಪಳ ಮೀರಿ ಕೂಗಿದ. "ಫ್ಯಾನು ತಿರಗಲಿಲ್ಲ, ಉಪ್ಪಿಟ್ಟು ಮುಟ್ಟಲಿಲ್ಲ, ಕುಂಡಿ ಊರಾಕ ಗೇಣು ಜಾಗ ಇರಲಿಲ್ಲ! ಕುಣಿಸಿ ಕುಣಿಸಿ ಮೊಳಕಾಲು ಹಿಡದಾವ!"

ಹಂಪವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. "ಎಲ್ಲಾ ಮಾಸ್ತರೂ ಹಿಂಗ ಅಂತಾರ ಬಿಡಪಾ."

ಇಷ್ಟಾದ ಮೇಲೆ ಸೋತ ಪಣ ತೀರಿಸಬೇಕಲ್ಲ. ಶರಣಬಸಪ್ಪ ಸಿಟ್ಟಿನವನೇ ಹೊರತು ಮಾತಿಗೆ ತಪ್ಪುವವನಲ್ಲ. (ಕೊಡುತ್ತೇನೆಂದ ಒಂದು ವಾರ ಒಂದು ದಿನಕ್ಕೆ ಇಳಿದಿತ್ತು, ಅಷ್ಟೆ.) ಮುಂದಿನ ಅಮಾಸೆಗೆ ಹೆಂಡತಿಯನ್ನು ಕಟ್ಟೆಯ ಮೇಲೆ ಕುಂದ್ರಿಸಿ, ಹೋಟೆಲಿನಿಂದ ತಂದ ಚಹಾ ಕೈಗೆ ಕೊಟ್ಟು, "ಏಳಬ್ಯಾಡ, ಇವತ್ತು ಸೂಟಿ ನಿಂದು" ಅಂತ ಹೇಳಿ ಒಳಗೆ ಹೋಗಿ ಒಲೆ ಹಚ್ಚಿದ. ಆ ಉಪ್ಪಿಟ್ಟಿನ ಸೇಡು ತೀರಿಸಿಕೊಳ್ಳಬೇಕೆಂದು ಉಪ್ಪಿಟ್ಟಿಗೇ ಕೈಹಾಕಿದ.

"ರೇಣುಕಾ, ಸಾಸಿವಿ ಎಲ್ಲೈತಿ?"

"ಮ್ಯಾಲಿನ ಡಬ್ಬ್ಯಾಗ್ರಿ."

"ಯಾವ ಡಬ್ಬಿ? ಎಲ್ಲಾ ಒಂದ ನಮೂನಿ ಅದಾವ." ಅವಳು ಎದ್ದು ಬಂದು ತೋರಿಸಿ ಹೋದಳು. "ರೇಣುಕಾ, ನೀರು ಎಷ್ಟು ಹಾಕಲಿ?" ಎದ್ದು ಬಂದಳು. "ರೇಣುಕಾ, ರವಾ ಯಾಕ ಗಂಟ ಕಟ್ಟಾಕತ್ತೈತಿ?" ಬಂದಳು, ಕೈಯಾಡಿಸಿದಳು. "ರೇಣುಕಾ, ತಳ ಹತ್ತೇತಿ!" ಓಡಿ ಬಂದಳು. ಕಟ್ಟೆಯ ಮೇಲಿನ ಚಹಾ ತಣ್ಣಗಾಗಿ ಕೆನೆ ಕಟ್ಟಿತು.

ಅಂತೂ ಉಪ್ಪಿಟ್ಟು ತಟ್ಟೆಗೆ ಬಂತು. ಶರಣಬಸಪ್ಪ ಮುಖದ ಬೆವರೊರೆಸಿಕೊಂಡು, "ತೀರಿತಲ್ಲ ನಿನ್ನ ಸೂಟಿ? ಇನ್ನ ನನ್ನ ಮ್ಯಾಲೆ ಯಾರ ಋಣಾನೂ ಇಲ್ಲ" ಅಂದ.

ರೇಣುಕಾದೇವಿ ಒಂದು ತುತ್ತು ತಿಂದಳು. ಒಂದನೇ ಕ್ಲಾಸಿನ ಹುಡುಗನ ಪಾಟಿಯ ಮೇಲಿನ ಬರಹ ನೋಡುವ ಹಾಗೆ ತಟ್ಟೆಯನ್ನೊಮ್ಮೆ ನೋಡಿದಳು.

"ಇದಕ್ಕ ಸೂಟಿ ಅನ್ನಂಗಿಲ್ರಿ. ಇವತ್ತು ನಾ ನಿಮಗ ತರಬೇತಿ ಕೊಟ್ಟೀನಿ. ತರಬೇತಿ ಕೊಡಾಕಿ ಡ್ಯೂಟಿ ಮ್ಯಾಲೆ ಇದ್ದಂಗ."

ಅದಾದ ಮೇಲೆ ಎಷ್ಟೋ ಅಮಾಸೆ ಬಂದು ಹೋದವು. ಪ್ರತಿ ಸಲವೂ ಅವನು ಒಲೆ ಹಚ್ಚುತ್ತಾನೆ, "ರೇಣುಕಾ" ಅಂತ ಕೂಗುತ್ತಾನೆ, ಅವಳ ಚಹಾ ಆರುತ್ತದೆ. ಉಪ್ಪಿಟ್ಟು ಈಗೀಗ ಬಾಯಿಗಿಡುವಂತಾಗಿದೆ. ಆದರೆ ಆ ಒಂದು ಸೂಟಿ ಮಾತ್ರ ಇನ್ನೂ ಬಾಕಿ ಐತಿ.