ಗಂಟು ಅನ್ನಬಾರದು

ಅರಕಲಗೂಡಿನಲ್ಲಿದ್ದ ನನ್ನ ಸೋದರಮಾವ ಹಾವಿಗೆ ಹೆದರುತ್ತಿರಲಿಲ್ಲ, ಅಮಲ್ದಾರರಿಗೂ ಹೆದರುತ್ತಿರಲಿಲ್ಲ. ಅವರು ಹೆದರುತ್ತಿದ್ದುದು ಒಂದೇ ಒಂದು ಮಾತಿಗೆ. ಅದು ‘ಗಂಟು’. ನಗಬೇಡಿ! ಅತ್ತೆ ಎದೆಯಲ್ಲಿ ಗಂಟಾಗಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಆ ಪದ ಎತ್ತುವಂತಿರಲಿಲ್ಲ. ಐವತ್ತರ ದಶಕದ ಕೊನೆಯ ಮಾತಿದು. ಕ್ಯಾನ್ಸರ್ ಎನ್ನುವ ಹೆಸರು ನಮ್ಮ ಕಡೆ ಇನ್ನೂ ಡಾಕ್ಟರ ಬಾಯಲ್ಲಿ ಮಾತ್ರ ಇತ್ತು.

ಅಗಸರ ಮುದುಕ ಬಾಗಿಲಲ್ಲಿ ನಿಂತು, “ಬಟ್ಟೆ ಗಂಟು ಕೊಡಿ ಸಾ,” ಅಂದರೆ ಮಾವ ಉಣ್ಣುವ ಎಲೆ ಬಿಟ್ಟು ಎದ್ದು ಬರುವರು. “ಬಟ್ಟೆ ಅನ್ನು. ಬರೀ ಬಟ್ಟೆ ಅನ್ನು.” ಒಂದು ಮದುವೆಯಲ್ಲಿ ಪುರೋಹಿತರು “ಮೂರು ಗಂಟು ಹಾಕಪ್ಪ,” ಎಂದಾಗ, “ಮೂರ್ ಸುತ್ತು ಅನ್ನಿ ಸ್ವಾಮಿ,” ಎಂದು ಗದರಿದರು. ಪುರೋಹಿತರು ಹೆದರಿ ಹಾಗೇ ಅಂದರು. ಮದುಮಗ ಪಾಪ, ತಾಳಿ ಹಿಡಿದುಕೊಂಡು ಹುಡುಗಿಯ ಸುತ್ತ ಸುತ್ತಲು ಎದ್ದ.

ಆದರೆ ಅವರ ಮದ್ದು ನೋಡಿ, ಎಲ್ಲವೂ ಗಂಟುಗಂಟಾದದ್ದೇ! ಅರಿಶಿನದ ಕೊಂಬು, ಹಸಿ ಶುಂಠಿ, ಬೆಳ್ಳುಳ್ಳಿ. ಹೊಳೆನರಸೀಪುರದ ನಮ್ಮ ಮನೆಗೆ ಬಂದಾಗಲೆಲ್ಲ ಒರಳಿನಲ್ಲಿ ಅರೆದು ಎಲ್ಲರಿಗೂ ಕುಡಿಸುವರು. “ಅದನ್ನ ಇದು ಕರಗುಸ್ತದೆ ಕಣವ್ವ.” ‘ಅದು’ ಎಂದರೆ ಯಾವುದು ಎಂದು ಕೇಳುವ ಧೈರ್ಯ ಯಾರಿಗಿತ್ತು? ನಾನು ಆಗ ಪ್ರೈಮರಿ ಶಾಲೆಯಲ್ಲಿ ಟೀಚರು. ಅರಿಶಿನ ಜಜ್ಜಿಕೊಟ್ಟು ಹಳದಿಯಾದ ನನ್ನ ಬೆರಳು ನೋಡಿದ ಹೆಡ್‌ಮಾಸ್ಟರು ಕಾಮಾಲೆಯೆಂದು ಒಂದು ವಾರ ರಜೆ ಕೊಟ್ಟು ಕಳಿಸಿದರು.

ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದ ಅವ್ವ ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲಿಟ್ಟುಕೊಂಡಳು. ಅವರೆಕಾಳಿನಷ್ಟು ಗಟ್ಟಿ. ಹಾಸನದ ಡಾಕ್ಟರು ನೋಡಿ, “ತಡ ಮಾಡ್ಬೇಡಿ, ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿ,” ಎಂದರು.

ಅವ್ವ ಒಪ್ಪಲಿಲ್ಲ. “ಕುಯ್ಯಿಸ್ಕೊಳಕೆ ನಾನ್ ಓಗಲ್ಲ. ಅಣ್ಣಯ್ಯನ ಮದ್ದೈತಲ್ಲ,” ಎಂದು ಮಾವನಿಗೆ ಹೇಳಿಕಳಿಸಿದಳು. ಮಾವ ಬರುತ್ತಾರೆ, ಅರೆಯುತ್ತಾರೆ, ಇವಳು ಕುಡಿಯುತ್ತ ಕೂರುತ್ತಾಳೆ, ಅದು ಒಳಗೆ ಬೆಳೆಯುತ್ತ ಹೋಗುತ್ತದೆ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಅಷ್ಟು ವರ್ಷ ನಕ್ಕಿದ್ದ ಆ ಮದ್ದಿಗೆ ನಾನು ಹೆದರಿ ಸತ್ತೆ.

ಮಾವ ಬಂದರು. ಅವ್ವ ಒರಳು ತೊಳೆದಿಟ್ಟಿದ್ದಳು. ಅವರು ಅದರ ಕಡೆ ನೋಡಲಿಲ್ಲ.

“ಏಳವ್ವ, ಮೈಸೂರ್ ಬಸ್ಸಿಗೆ ಒತ್ತಾಯ್ತದೆ.”

“ಯಾಕಣ್ಣಯ್ಯ, ನಿನ್ ಮದ್ದು?”

ಮಾವ ಗೋಡೆ ಹಿಡಿದುಕೊಂಡರು. “ನಿನ್ನತ್ತಿಗೆಗೂ ಅದ್ನೇ ಕುಡ್ಸಿದ್ದೆ ಕಣವ್ವ. ಆಸ್ಪತ್ರೆಗೆ ಕರ್ಕೊಂಡೋಗು ಅಂತ ಅವಳು ಕೇಳುದ್ಲು. ಕರಗ್ತದೆ, ಸುಮ್ನಿರು ಅಂದೆ. ಕರಗ್ನಿಲ್ಲ.”

“ಮತ್ತೆ ನಮಗೆಲ್ಲ ಯಾಕೆ ಕುಡಿಸಿದ್ರಿ ಮಾವ?” ನನಗೆ ಸಿಟ್ಟೇ ಬಂತು.

“ಇನ್ನೇನ್ ಮಾಡ್ಲವ್ವ. ನಿಮ್ಮುನ್ನ ನೋಡ್ದಾಗ್ಲೆಲ್ಲ ಎದ್ರಿಕೆ ಆಗದು. ಸುಮ್ನೆ ಕೂರಕಾಯ್ತಿರ್ನಿಲ್ಲ.”

ಅವ್ವ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು.

“ನೀನೂ ಬಾ ಅಣ್ಣಯ್ಯ,” ಎಂದಳು. “ನನ್ ಜೊತೆ ಬೇರೆ ಯಾರೂ ಬ್ಯಾಡ.”