ಕರಗಬೇಕು, ಆದರೆ ಈಗಲೇ ಅಲ್ಲ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಮ್ಮೂರು ಅಬ್ಬಿಗೇರಿಯ ಜನ ಹೇಳುವುದನ್ನು ನಾನು ಬಲವಾಗಿ ಖಂಡಿಸುತ್ತೇನೆ. ಹುಚ್ಚಿಗೆ ಔಷಧವಾದರೂ ಇರುತ್ತದೆ!

ಎಣ್ಣೆ ಗಿರಣಿಯವರು ಹೊರಗೆ ಒಗೆಯುವ ಶೇಂಗಾ ಸಿಪ್ಪೆ, ಗೋವಿನಜೋಳ ಒಡೆಸಿದಾಗ ಉಳಿಯುವ ಹಿಟ್ಟು, ಇವನ್ನು ಕುದಿಸಿ ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಮಾಡುತ್ತೇನೆಂದು ಮಾಮಾ ಹೊರಟು ಎರಡು ವರ್ಷವಾಯಿತು. ಅತ್ತೆ ಮೆಣಸಿನ ಸಸಿ ಬೆಳೆಸಿ ಮಾರುವವಳು. ಸಸಿಯ ಕರಿ ಚೀಲದ ಚೂರುಗಳು ಹೊಲದ ತುಂಬ ಹಾರಾಡುವುದನ್ನು ನೋಡಲಾರದೆ ಹುಟ್ಟಿದ ಹುಚ್ಚಿದು. ನಾನೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಿನವರನ್ನು ಅಳಿಸಿ ಬಂದವಳು. ಮೊದಲ ದಿನವೇ ಕೇಳಿದೆ:

"ಮಾಮಾ, ಅದು ಕರಗಲಿಲ್ಲಂದ್ರ ಹಳೇ ಪ್ಲಾಸ್ಟಿಕ್ಕೇ ಆತು. ಕರಗಿತಂದ್ರ ಚೀಲ ಹ್ಯಾಂಗ ಆಗತೈತಿ?"

"ಕರಗಬೇಕವ್ವಾ. ಆದ್ರ ಈಗ ಅಲ್ಲ," ಎಂದು ಮಾಮಾ ಸೌಟು ತಿರುವಿದ. ಯಾವ ತೀರ್ಪುಗಾರರು ಇದನ್ನು ಉತ್ತರವೆಂದು ಒಪ್ಪುತ್ತಾರೆ?

ಮೊದಲ ಹಾಳೆಗಳನ್ನು ಮಾಳಿಗೆಯ ಮೇಲೆ ಹಳೇ ಧೋತರ ಹಾಸಿ ದುಂಡಗೆ ಹರಡಿದ. ಪಕ್ಕದ ಮಾಳಿಗೆಯಲ್ಲಿ ಆಚೆಮನೆ ಅಜ್ಜಿಯ ಹಪ್ಪಳ ಒಣಗುತ್ತಿದ್ದವು. ಸಂಜೆ ಅಜ್ಜಿ ತನ್ನವುಗಳ ಜೊತೆ ನಮ್ಮವನ್ನೂ ಬಳಿದುಕೊಂಡು ಹೋಗಿ, ಮನೆಗೆ ಬಂದಿದ್ದ ಬೀಗರಿಗೆ ಕರಿದು ಬಡಿಸಿಬಿಟ್ಟಳು! ಅದರಲ್ಲಿದ್ದದ್ದು ಹಿಟ್ಟು, ಗ್ಲಿಸರಿನ್, ಒಂದಿಷ್ಟು ವಿನೆಗರ್, ಅಷ್ಟೇ. ಆದರೂ ಬೀಗರು ಬಸ್ಸು ಹತ್ತುವವರೆಗೆ ಅವರ ಮುಖವನ್ನೇ ನೋಡುತ್ತ ಕೂತೆ. ಮರುದಿನ ಅಜ್ಜಿ ದೂರು ಹೊತ್ತು ಬಂದಳು. "ಉಪ್ಪು ಕಡಿಮಿ ಬಿದ್ದೈತಿ ನೋಡ ತಮ್ಮಾ. ಮತ್ತ ಹಲ್ಲಿಗೆ ಭಾಳ ಅಂಟತೈತಿ."

ಅಂಟುತ್ತದೆಂದರೆ ಗಟ್ಟಿ ಬಂದಿದೆ ಎಂದು ಮಾಮಾ ವಹಿಯಲ್ಲಿ ಬರೆದುಕೊಂಡ!

ಎಷ್ಟು ಗಟ್ಟಿ? ಗಜೇಂದ್ರಗಡದ ಸಂತೆಯಲ್ಲಿ ಆ ಹಾಳೆಯದೇ ಚೀಲಕ್ಕೆ ಟೊಮೆಟೊ ತುಂಬಿಸಿಕೊಂಡ. ನಾಲ್ಕು ಹನಿ ಮಳೆ ಬಿತ್ತು. ಬಸ್ ಸ್ಟ್ಯಾಂಡ್ ಮುಟ್ಟುವಾಗ ಮಾಮನ ಕೈಯಲ್ಲಿ ಉಳಿದದ್ದು ಹಿಡಿಕೆ ಮತ್ತು ಒಂದಿಷ್ಟು ಅಂಬಲಿ.

ಆಮೇಲೆ ಮಣ್ಣಿನಲ್ಲಿ ಕರಗುವಂಥ ಪ್ಲಾಸ್ಟಿಕ್ ಹರಳನ್ನು ಎಲ್ಲಿಂದಲೋ ತರಿಸಿ, ಕರಗಿಸಿ, ಹಿಟ್ಟು-ಸಿಪ್ಪೆಪುಡಿಯ ಜೊತೆ ಕಲಸತೊಡಗಿದ. ಅತ್ತೆಯ ತಾಳ್ಮೆ ಮುಗಿಯಿತು. ಎರಡು ಸಾಲು ಸಸಿಯನ್ನು ನಿಮ್ಮ ಚೀಲದಲ್ಲೇ ಬೆಳೆಸಿ ಚೀಲ ಸಮೇತ ನೆಡುತ್ತೇನೆ, ಬೇರು ಚೀಲ ದಾಟದೆ ಗಿಡ ಬೆಳೆಯದೆ ಕುಂತುಬಿಟ್ಟರೆ ಈ ಕೆಲಸ ಅಲ್ಲಿಗೆ ಮುಗಿಯಬೇಕು ಎಂದಳು. ಮಾಮಾ ಮಾತು ಕೊಟ್ಟ. ಕೊಟ್ಟ ಮೇಲೆ ಅವನ ಮುಖ ನೋಡಲಾಗಲಿಲ್ಲ.

ಸಸಿ ಏಳುವ ತನಕ, ಚೀಲ ಒಡೆದೀತೆಂದು, ಹನಿ ಬಿದ್ದರೆ ಸಸಿಗಳಿಗೆ ಕೊಡೆ ಹಿಡಿದು ತಾನು ನೆನೆಯುತ್ತ ನಿಂತ. ನೆಟ್ಟ ಮೇಲೆ ಅದೇ ಮನುಷ್ಯ ಚೀಲ ಕರಗಲೆಂದು ಮುಗಿಲು ನೋಡತೊಡಗಿದ! ರೊಟ್ಟಿ ಮುರಿಯುತ್ತಿದ್ದ, ಬಾಯಿಗಿಡುತ್ತಿರಲಿಲ್ಲ. ಅವನ ಅಂಜಿಕೆ ನನಗೂ ಅಂಟಿತು. ಪುಸ್ತಕ ತೆರೆದರೆ ಅಕ್ಷರದ ಬದಲು ಮೆಣಸಿನ ಗಿಡ ಕಾಣುತ್ತಿತ್ತು.

ಬೇರು ದಾಟಿತೋ ಇಲ್ಲವೋ ಎಂದು ಅಗೆದು ನೋಡುವ ದಿನ ಮಾಮಾ ಬದುವಿನ ಮೇಲೆಯೇ ನಿಂತುಬಿಟ್ಟ. ಕಳೆ ತೆಗೆಯುವ ಖುರ್ಪಿಯನ್ನು ನನ್ನ ಕೈಗಿಟ್ಟ.

"ನೀ ಅಗಿ. ನಿಮ್ಮತ್ತಿ ನನ್ನ ಮಾರಿ ನೋಡಿ ಚಲೋ ಐತಿ ಅಂದುಬಿಡ್ತಾಳ. ನೀ ಅನ್ನಂಗಿಲ್ಲ."

ಎರಡು ವರ್ಷದಿಂದ ಅವನು ಸೋಲುತ್ತಾನೆಂದೇ ವಾದಿಸಿದವಳು ನಾನು. ಆದರೂ ಬೇರಿಗೆ ತಾಗದಂತೆ, ಗಿಡದಿಂದ ಗೇಣು ದೂರದಲ್ಲಿ ಎರೆಮಣ್ಣಿಗೆ ಖುರ್ಪಿ ಇಳಿಸಿದೆ.

ಮೊದಲ ಗಿಡದ ಚೀಲ ಬೆರಳು ತಾಗುತ್ತಲೇ ಉದುರಿತು. ಬಿಳಿ ಬೇರುಗಳು ಆಚೆಯ ಮಣ್ಣಿಗೆ ದಾಟಿದ್ದವು. ಎರಡನೆಯದೂ ಹಾಗೇ. ಮೂರನೆಯದರ ಚೀಲ ಇಡಿಯಾಗಿ ಉಳಿದಿತ್ತು. ಬೇರುಗಳು ಒಳಗೇ ಸುತ್ತಿಕೊಂಡಿದ್ದವು. ಅದನ್ನು ಮಣ್ಣಿನಲ್ಲಿ ಹಿಂದಕ್ಕೆ ತಳ್ಳಿ ಸುಮ್ಮನಾಗಬೇಕೆನಿಸಿತು. ನನಗೆ!

"ಎರಡು ದಾಟ್ಯಾವ ಮಾಮಾ," ಎಂದೆ. "ಒಂದು ಇಲ್ಲ."

ಮಾಮಾ ಬಂದು ಮೂರನೆಯದರ ಪಕ್ಕ ಕುಕ್ಕರುಗಾಲಲ್ಲಿ ಕೂತ. ಚೀಲ ಹರಿದು, ಬೇರುಗಳನ್ನು ಒಂದೊಂದಾಗಿ ಬಿಡಿಸಿ, ಗಿಡವನ್ನು ಬರಿ ಮಣ್ಣಿಗೆ ಮತ್ತೆ ನೆಟ್ಟ. ಕೊಟ್ಟ ಮಾತಿನಂತೆ ಕೆಲಸ ಇಲ್ಲಿಗೆ ಮುಗಿಯಿತೆಂದು ತಾನೇ ಹೇಳಲು ಬಾಯಿ ತೆರೆದ. ಹಿಂದೆ ಬಂದು ನಿಂತಿದ್ದ ಅತ್ತೆ ಹೇಳಗೊಡಲಿಲ್ಲ.

"ಸಣ್ಣ ಬೋಗಾಣ್ಯಾಗ ಹಿಟ್ಟು ಕಲಸಿದ್ರ ಒಂದೇ ಸಮ ಹ್ಯಾಂಗ ಕೂಡತೈತ್ರಿ? ನಾಳಿ ದೊಡ್ಡದು ತಗೋರಿ."

ಮಾಮಾ ಹೆಗಲ ಮೇಲಿನ ಟಾವೆಲ್ ತೆಗೆದು, ತಲೆ ಎತ್ತದೆ, ನನ್ನ ಬೆರಳುಗಳ ಮಣ್ಣು ಒರೆಸುತ್ತ ಕೂತ.