ಫೋನಿನ ಕಿವಿ, ನನ್ನ ಕಿವಿ

ಚನ್ನಪಟ್ಟಣದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವನಿಗೆ ಒಂದು ವಾರ ತಲೆ ಕೆಡುವ ಪ್ರಸಂಗ ಬರಲಿಲ್ಲವೆಂದರೆ, ಆ ವಾರ ಅಂಗಡಿ ಬಾಗಿಲು ತೆಗೆದಿರಲಿಲ್ಲ ಅಂತಲೇ ಅರ್ಥ.

ಮೂವತ್ತು ವರ್ಷ ನಾನು ಕಿವಿಯನ್ನೇ ನಂಬಿ ಶ್ರುತಿ ಮಾಡಿದವನು. ಎರಡು ಸ್ವರ ಒಟ್ಟಿಗೆ ನುಡಿಸಿದಾಗ ಧ್ವನಿ ನಡುಗಿದರೆ ಶ್ರುತಿ ತಪ್ಪಿದೆ ಎಂದರ್ಥ. ಪೆಟ್ಟಿಗೆಯೊಳಗೆ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿ, ಅಂದರೆ ರೀಡು, ಅದರ ತುದಿಗೆ ಅರ ಆಡಿಸಿದರೆ ಸ್ವರ ಏರುತ್ತದೆ, ಬುಡಕ್ಕೆ ಆಡಿಸಿದರೆ ಇಳಿಯುತ್ತದೆ. ನಡುಕ ನಿಂತರೆ ಕೆಲಸ ಮುಗಿಯಿತು. ಇಷ್ಟೇ ನನ್ನ ವಿದ್ಯೆ. ಈಚೆಗೆ ಆ ಕಿವಿಯ ಮೇಲೇ ಅನುಮಾನ ಶುರುವಾಗಿದೆ. ಕಿವಿ ಹೋದರೆ ನನ್ನ ಹತ್ತಿರ ಇನ್ನೇನೂ ಉಳಿಯುವುದಿಲ್ಲ.

೧. ಮಿಕ್ಸಿ

ಅನುಮಾನ ಹುಟ್ಟಿಸಿದವಳು ಮಗಳು. "ಟಿ.ವಿ. ಸೌಂಡು ಇಷ್ಟು ಜೋರಾಗಿ ಇಡ್ತೀಯಲ್ಲಪ್ಪಾ, ನಿನ್ ಕಿವಿ ನೆಟ್ಟಗಿದ್ಯಾ?" ಎಂದವಳೇ ನನ್ನ ಫೋನಿಗೆ ಶ್ರುತಿ ನೋಡುವ ಆ್ಯಪ್ ಹಾಕಿಕೊಟ್ಟಳು. "ಹಸಿರು ಬಂದ್ರೆ ಸರಿ, ಕೆಂಪು ಬಂದ್ರೆ ತಪ್ಪು. ಅಷ್ಟೇ."

ಬೆಳಿಗ್ಗೆಯಷ್ಟೇ ಶ್ರುತಿ ಮಾಡಿಟ್ಟಿದ್ದ ಪೆಟ್ಟಿಗೆ ನುಡಿಸಿದೆ. ಕೆಂಪು. ಪಕ್ಕದ ಸ್ವರ ಒತ್ತಿದೆ. ಅದೂ ಕೆಂಪು. ನಿಜ ಹೇಳುತ್ತೇನೆ, ನನಗೆ ಭಯವೇ ಆಯಿತು. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದಳು. ಫೋನು ಅಚ್ಚ ಹಸಿರಾಯಿತು.

"ಇನ್ನೊಂದ್ಸಲ ಹಾಕೇ" ಅಂದೆ.

"ಚಟ್ನಿ ನುಣ್ಣಗಾಗೈತೆ ಕಣ್ರೀ."

"ಪರವಾಗಿಲ್ಲ, ಹಾಕು."

ಮತ್ತೆ ಹಸಿರು. ಸಂಗೀತದವನ ಮನೆಯಲ್ಲಿ ಶ್ರುತಿಗೆ ನಿಂತಿದ್ದದ್ದು ಮಿಕ್ಸಿ ಒಂದೇ.

೨. ಕನಕಪುರದ ಪಿಯಾನೊ

ಕನಕಪುರದ ಕಡೆಯ ಶಾಲೆಯೊಂದಕ್ಕೆ ಯಾರೋ ಹಳೆಯ ಪಿಯಾನೊ ದಾನ ಕೊಟ್ಟಿದ್ದರು. ಹೆಡ್‌ಮೇಡಂ ನನಗೆ ಫೋನ್ ಮಾಡಿದರು.

"ನಾನು ಹಾರ್ಮೋನಿಯಂನವನು ಮೇಡಂ."

"ಅದಕ್ಕೂ ಬಿಳಿ ಕಪ್ಪು, ಇದಕ್ಕೂ ಬಿಳಿ ಕಪ್ಪು. ಬನ್ನಿ."

ಹೋಗಿ ಮುಚ್ಚಳ ತೆಗೆದರೆ ಒಳಗೆ ಮಗ್ಗದ ಹಾಗೆ ಸಾಲು ಸಾಲು ತಂತಿ. ಒಂದೊಂದು ಸ್ವರಕ್ಕೆ ಮೂರು ತಂತಿ, ಮೂರೂ ಮೂರು ದಾರಿ. ಫೋನಿನ ಆ್ಯಪಿನಲ್ಲಿದ್ದ ಮುಳ್ಳು ಯಾರ ಮಾತು ಕೇಳುವುದೆಂದು ತಿಳಿಯದೆ ಓಲಾಡಿತು. ನನ್ನ ಕಿವಿಯದೂ ಅದೇ ಪಾಡು. ತಂತಿ ತಿರುಗಿಸುವ ಚಾವಿಯಂತೂ ನನ್ನ ಬಳಿ ಇರಲೇ ಇಲ್ಲ. ಬಂದದ್ದಕ್ಕೆ ಏನಾದರೂ ಮಾಡಿದ ಹಾಗೆ ಕಾಣಲಿ ಅಂತ ಒಳಗೆ ಕೈ ಹಾಕಿದೆ. ಒಂದು ಇಲಿಗೂಡು, ಬೊಗಸೆ ತುಂಬ ಕಡಲೆಕಾಯಿ ಸಿಪ್ಪೆ ಸಿಕ್ಕಿತು. ತೆಗೆದು ಆಚೆ ಹಾಕಿದೆ.

ಮೇಡಂ ಕೂತು ನುಡಿಸಿ ಕಣ್ಣರಳಿಸಿದರು. "ಆಹಾ, ಎಷ್ಟು ಶುದ್ಧವಾಗಿದೆ! ಕಿವೀಲಿ ಮಾಡಿದ್ರೋ, ಮೆಷೀನಲ್ಲಿ ಮಾಡಿದ್ರೋ?"

ಫೋನು ಇನ್ನೂ ಕೆಂಪಗೇ ಇತ್ತು.

"ಕೈಯಲ್ಲಿ ಮೇಡಂ" ಅಂದೆ.

೩. ಅಕ್ಕೂರಿನ ರಾಜ

ಕಿವಿಯನ್ನು ನಂಬಬೇಕೋ ಫೋನನ್ನೋ ಎಂದು ಗೊತ್ತಾಗದ ದಿನಗಳಲ್ಲೇ ಅಕ್ಕೂರಿನ ನಾಟಕದವರ ಹಾರ್ಮೋನಿಯಂ ಅಂಗಡಿಗೆ ಬಂತು. ಬಹಳ ವರ್ಷ ಯಾರೂ ಶ್ರುತಿ ಮಾಡಿಸಿರಲಿಲ್ಲ, 'ಪ' ಸ್ವರ ಪೂರ್ತಿ ಕುಸಿದಿತ್ತು. ಈ ಸಲ ನನ್ನ ಕಿವಿಯನ್ನು ಕೇಳಲೇ ಇಲ್ಲ. ಫೋನು ನೋಡಿಕೊಂಡು ಪ್ರತಿ ರೀಡೂ ಹಸಿರು ಮಾಡಿ, ನಾನೇ ಪ್ರಾಕ್ಟೀಸಿಗೆ ಹೊತ್ತುಕೊಂಡು ಹೋದೆ.

ರಾಜನ ಪಾರ್ಟಿನವರು ರೇಷ್ಮೆ ಬೆಳೆಯುವ ಗೌಡರು. ಹಾಡು ಎತ್ತಿದರು. ಪೆಟ್ಟಿಗೆ ಒಂದು ಕಡೆ, ಗೌಡರು ಒಂದು ಕಡೆ. ಮೂರು ಸಲ ಎತ್ತಿ ಮೂರು ಸಲ ಬಿಟ್ಟರು.

"ಯಜಮಾನ್ರೇ, ಪೆಟ್ಟಿಗೆ ಕೆಡಿಸ್ಬುಟ್ರಲ್ಲಾ!"

ನಾನು ಫೋನು ತೋರಿಸಿದೆ. "ನೋಡಿ, ಎಲ್ಲಾ ಹಸಿರು."

"ಫೋನು ಬಂದು ರಾಜನ ಪಾರ್ಟು ಮಾಡ್ತದಾ? ಇಪ್ಪತ್ ವರ್ಸದಿಂದ ಇದ್ರ ಜೊತೇಲಿ ಹಾಡಿವ್ನಿ. ಎಂಗಿತ್ತೋ ಅಂಗೇ ಮಾಡ್ಕೊಡಿ. ನಾಳಿದ್ದೇ ನಾಟ್ಕ ಐತೆ."

ಪೆಟ್ಟಿಗೆ ಮೊದಲು ಎಷ್ಟು ತಪ್ಪಾಗಿತ್ತು ಎನ್ನುವುದು ಫೋನಿಗೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸರಿ ಒಂದೇ. ಫೋನು ಜೇಬಿಗೆ ಹಾಕಿ ಕಣ್ಣು ಮುಚ್ಚಿ ಕೂತೆ. ಅಂಗಡಿಯಲ್ಲಿ ಒಂದೇ ಒಂದು ಸಲ ಕೇಳಿದ್ದ ಆ ಕುಸಿದ 'ಪ' ನೆನಪಿಗೆ ಬಂತು, ನಡುಕದ ಸಮೇತ. ರೀಡಿನ ಬುಡಕ್ಕೆ ಅರ ಆಡಿಸಿದೆ, ಕೇಳಿದೆ, ಇನ್ನೊಂಚೂರು ಆಡಿಸಿದೆ.

ಗೌಡರು ಎತ್ತಿದರು. ಪೆಟ್ಟಿಗೆಯೂ ಗೌಡರೂ ಕೈಕೈ ಹಿಡಿದುಕೊಂಡು ತಪ್ಪಿದರು. ಸುತ್ತ ಕೂತಿದ್ದವರೆಲ್ಲ ಚಪ್ಪಾಳೆ ಹೊಡೆದರು. ಕಿವಿ ಇನ್ನೂ ಇದೆ ಎಂದು ನನಗೆ ಅಳುವೇ ಬಂತು. ಆದರೆ ಇಷ್ಟು ಚೆನ್ನಾಗಿ ಶ್ರುತಿ ಕೆಡಿಸಿದ್ದಕ್ಕೆ ಹೆಮ್ಮೆ ಪಡಬೇಕೋ ನಾಚಬೇಕೋ, ಅದು ಮಾತ್ರ ತಿಳಿಯಲಿಲ್ಲ.

ಹೊರಟಾಗ ಗೌಡರು ಪಕ್ಕಕ್ಕೆ ಕರೆದು ಬಹಳ ಗಂಭೀರವಾಗಿ ಹೇಳಿದರು: "ನಾಳಿದ್ದು ರಾಣಿ ಪಾರ್ಟಿಗೆ ಮಾಗಡಿಯಿಂದ ಒಬ್ಬ ಆರ್ಟಿಸ್ಟಮ್ಮ ಬತ್ತಾರೆ. ಅವ್ರು ಕರೆಕ್ಟಾಗಿ ಹಾಡ್ತಾರಂತೆ. ನೀವು ಒಸಿ ಮುಂಚೆನೇ ಬಂದು, ಅವ್ರ ಗಂಟ್ಲೂ ಒಂದ್ಸಲ ನೋಡ್ಬುಡಿ ಯಜಮಾನ್ರೇ."